ಬಟ್ಟೆ ಕಟ್ಟಿದ ಸೂರ್ಯಕಾಂತಿ

೧೯೯೪ರ ನನ್ನ ದಿನಚರಿಯಲ್ಲಿ, ನವೆಂಬರ್ ೧೮, ಶುಕ್ರವಾರ, ಕಾರ್ತಿಕ ಹುಣ್ಣಿಮೆಯ ಪುಟದಲ್ಲಿ ಈ ಕಥೆ ಇದೆ. ಹೇಳಿದವರು ಇದರಲ್ಲಿ ಬರುವ ಶಿವಲೀಲೆಯವರೇ, ತಮ್ಮನ್ನು ‘ಅವಳು’ ಎಂದೇ ಕರೆದುಕೊಂಡು. ಅವರು ಹೇಳಿದಂತೆಯೇ ಬರೆದುಕೊಂಡಿದ್ದೆ. ಇಲ್ಲಿಯೂ ಹಾಗೆಯೇ ಇಟ್ಟಿದ್ದೇನೆ.

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ನಡೆಸುತ್ತಿದ್ದವರು ಗುರುಸಿದ್ಧವ್ವ. ಊರಿಗೆಲ್ಲ ಅವರು ದೊಡ್ಡವ್ವ. ಅವರ ಬಳಿ ಶಿವಲೀಲೆ ಎಂಬ ಶಿಷ್ಯೆ ಇದ್ದಳು.

ಬೆಳಗಾದರೆ ಊರಿನ ಚಿಕ್ಕ ಮಕ್ಕಳು ಅಲ್ಲಿಗೆ ಬರುತ್ತಿದ್ದರು. ಇನ್ನೂ ಶಾಲೆಗೆ ಸೇರದವರು, ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದವರು. ಅವರಿಗೆ ಹಾಡು, ಕಥೆ, ಮಣ್ಣಾಟ. ಮಳೆ ಬಿದ್ದ ಮೇಲೆ ಬಿತ್ತನೆ.

ಆ ಆಶ್ರಮದಲ್ಲಿ ಒಂದು ರೂಢಿ ಇತ್ತು. ಕಾರ್ತಿಕ ಹುಣ್ಣಿಮೆಯ ದಿನ ಹಿರಿಯರ ಗದ್ದುಗೆಯ ಮುಂದೆ ಇಡುತ್ತಿದ್ದದ್ದು ಹಣ್ಣಲ್ಲ, ಹೋಳಿಗೆಯಲ್ಲ. ಮಕ್ಕಳು ಬೆಳೆದ ಬೀಜ, ಒಂದು ಹಿಡಿ. ಪೂಜೆಯಾದ ಮೇಲೆ ಉಳಿದ ಬೀಜವನ್ನು ಮನೆಗೊಂದು ಬೊಗಸೆಯಂತೆ ಊರಿಗೆ ಹಂಚುವುದು. ಜನ ಅದನ್ನು ತಮ್ಮ ಬಿತ್ತನೆ ಬೀಜದಲ್ಲಿ ಬೆರೆಸಿಕೊಳ್ಳುತ್ತಿದ್ದರು.

ಆ ಪೂಜೆ ಒಮ್ಮೆಯಾದರೂ ತನ್ನ ಕೈಯಿಂದ ಆಗಬೇಕು ಎಂಬುದು ಶಿವಲೀಲೆಯ ಆಸೆ. ಬಾಯಿ ಬಿಟ್ಟು ಕೇಳಿರಲಿಲ್ಲ. ಆದರೆ ಪ್ರತಿ ಹುಣ್ಣಿಮೆಗೂ ದೊಡ್ಡವ್ವನ ಪಕ್ಕದಲ್ಲಿ ಆರತಿಯ ತಟ್ಟೆ ಹಿಡಿದು ನಿಂತಾಗ ಅವಳ ಕೈ ಸಣ್ಣಗೆ ನಡುಗುತ್ತಿತ್ತು. ದೊಡ್ಡವ್ವ ಅದನ್ನು ನೋಡಿದ್ದರು.

ಆ ವರ್ಷ ಮಳೆ ಹಿಡಿದ ದಿನ ದೊಡ್ಡವ್ವ ಕರೆದರು.

"ತಂಗಿ, ಈ ಸಲ ಹುಣ್ಣಿಮಿ ಪೂಜಾ ನೀ ಮಾಡು."

"ನಾನ್ರೀ ಅವ್ವಾರ?"

"ನನ್ನ ಮೊಣಕಾಲು ಒಲ್ಲೆ ಅನ್ನಾಕತ್ತಾವ. ಆದ್ರ ಒಂದು ಮಾತು. ಮಕ್ಕಳಿಗೆ ಹೂವು, ಬೀಜ ನೀನ ಕಲಿಸಬೇಕು. ಅವರ ಕೈಯಾಗ ಒಂದು ಹಿಡಿ ಬೀಜ ಬಂತಂದ್ರ ಪೂಜಾ ನಿಂದು."

"ಬರದಿದ್ರ?"

"ಬರಲಿಲ್ಲ ಅಂತ ಗದ್ದಿಗಿ ಮುಂದ ನಿಂತು ನೀನ ಹೇಳು."

ಶಿವಲೀಲೆ ಮನಸಾರೆ ಕಲಿಸಿದಳು.

ಒದ್ದೆ ಬಟ್ಟೆಯಲ್ಲಿ ಅಲಸಂದಿ ಕಾಳು ಕಟ್ಟಿಟ್ಟು, ಮೊಳಕೆ ಬಂದ ಮೇಲೆ ಮಕ್ಕಳ ಅಂಗೈಗೆ ಒಂದೊಂದು ಕೊಟ್ಟಳು. ಸಿಪ್ಪೆ ಸುಲಿದು, ಬೇಳೆ ಬಿಡಿಸಿ ನೋಡಿರಿ ಎಂದಳು.

ಕೆಂಚಿ ಎಂಬ ನಾಲ್ಕು ವರ್ಷದ ಹುಡುಗಿ ಎಲ್ಲರಿಗಿಂತ ಮೊದಲು ಕಿರುಚಿದಳು.

"ಅಕ್ಕೋರ! ಇದರಾಗ ಒಂದು ಕೂಸು ಮಲಗೈತಿ!"

ಪಕ್ಕದಲ್ಲಿದ್ದ ಈರ್ಯಾ ಬಗ್ಗಿ ನೋಡಿದ. "ಕೂಸಲ್ಲ, ಹುಳ ಐತಿ."

"ಹುಳ ನಿನ್ನ ಮೂಗಿನಾಗೈತಿ."

"ಅಕ್ಕೋರ, ಈಕಿ ನೋಡ್ರಿ!"

"ಸುಮ್ಮನಿರ್ರಿ ಇಬ್ಬರೂ," ಎಂದಳು ಶಿವಲೀಲೆ. ಆದರೆ ನಗುತ್ತಿದ್ದಳು. "ಕೂಸ ಅದು. ಮಣ್ಣಿನಾಗ ಇಟ್ರ ಎದ್ದು ಕುಂದರತೈತಿ."

ಮಣ್ಣಿಗೆ ಹಾಕಿದ್ದು ಸೂರ್ಯಕಾಂತಿ. ಗಿಡ್ಡ ತಳಿ, ಕವಲೊಡೆದು ಒಂದೇ ಗಿಡದಲ್ಲಿ ಒಂದರ ಹಿಂದೊಂದು ಹೂ ಬಿಡುವಂಥದು. ಒಬ್ಬೊಬ್ಬರಿಗೆ ಒಂದೊಂದು ಗಿಡ. ಮಕ್ಕಳು ಚೊಂಬಿನಲ್ಲಿ ನೀರು ತಂದು, ಅರ್ಧ ತಮ್ಮ ಕಾಲಿಗೆ, ಅರ್ಧ ಗಿಡಕ್ಕೆ ಹಾಕಿದರು. ದಸರೆ ಕಳೆಯುವ ಹೊತ್ತಿಗೆ ಹೂವು ಮಕ್ಕಳ ಮುಖದ ಸಮಕ್ಕೆ ನಿಂತವು.

ಶಿವಲೀಲೆ ಒಂದು ಹೂವನ್ನು ಹತ್ತಿರದಿಂದ ತೋರಿಸಿದಳು.

"ಇದು ಒಂದ ಹೂವು ಅನ್ಕೊಂಡೀರೇನು? ನಡುವ ನೋಡ್ರಿ. ಎಲ್ಲಾ ಸಣ್ಣ ಸಣ್ಣ ಹೂವು. ಒಂದೊಂದು ಸಣ್ಣ ಹೂವಿನ ಕೆಳಗ ಒಂದೊಂದು ಬೀಜ."

"ಅಷ್ಟೂ ಹೂವಿನ ಅವ್ವ ಯಾರ್ರೀ?" ಎಂದು ಕೇಳಿದಳು ಕೆಂಚಿ.

ಆ ದಿನ ದೊಡ್ಡವ್ವ ಅಲ್ಲೇ ಇದ್ದರು. ಉತ್ತರಕ್ಕೆ ಬದಲು ಅವರು ಒಂದು ಆಟ ಕಲಿಸಿದರು. ಬಿಸಿಲು ಬಿದ್ದ ಮೇಲೆ, ಇಬ್ಬನಿ ಆರಿದ ಮೇಲೆ, ತನ್ನ ಹೂವಿನ ಮುಖವನ್ನು ಅಂಗೈಯಿಂದ ಮೆಲ್ಲಗೆ ಸವರುವುದು. ಅದೇ ಕೈಯಿಂದ ಪಕ್ಕದವರ ಹೂವಿನ ಮುಖ ಸವರುವುದು. ಹೀಗೆ ಸಾಲಿನ ಉದ್ದಕ್ಕೂ.

"ಮುಖ ಒರಸೋ ಆಟ," ಎಂದರು ದೊಡ್ಡವ್ವ. "ದಿನಾ ಆಡ್ರಿ."

ಮಕ್ಕಳು ದಿನಾ ಆಡಿದರು. ಕೈ ಎಲ್ಲ ಹಳದಿ. ಕೆಂಚಿಗೆ ಮಾತ್ರ ಕೈ ಸಾಲದು. ಅವಳು ಎರಡು ಕೈಯಲ್ಲಿ ಹೂವನ್ನು ಹಿಡಿದು ಮುಖವನ್ನೇ ಒತ್ತುತ್ತಿದ್ದಳು.

ಒಂದು ಬೆಳಿಗ್ಗೆ ಶಿವಲೀಲೆ ಅವಳನ್ನು ನಿಲ್ಲಿಸಿದಳು.

"ಕೆಂಚಿ, ಮೂಗು ಯಾಕ ಹಳದಿ ಆಗೈತಿ?"

"ಹೂವಿಗೆ ಮುದ್ದು ಕೊಟ್ನಿರಿ."

"ಮೂಸಿದಿಯೇನು?"

"ಹೂಂನ್ರಿ. ಜೇನುತುಪ್ಪದಂಗ ನಾರತೈತಿ."



ಮೂಸಿದ ಹೂವು ದೇವರಿಗೆ ಸಲ್ಲದು. ಇದು ಶಿವಲೀಲೆಗೆ ತಾಯಿಯ ಹಾಲಿನ ಜೊತೆ ಬಂದ ಮಾತು. ಹೂ ಕೊಯ್ಯುವಾಗ ಉಸಿರು ಬಿಗಿ ಹಿಡಿಯಬೇಕು ಎಂದು ಅವಳ ಅಜ್ಜಿ ಕಲಿಸಿದ್ದಳು. ಹಾಗಾದರೆ ಮೂಸಿದ ಹೂವಿನ ಬೀಜ? ತನ್ನ ಕೈಯಿಂದ ಆಗುವ ಮೊದಲ ಪೂಜೆ. ಅದರಲ್ಲಿ ಎಂಜಲಿನ ಬೀಜ ಇಡುವುದೇ?

ಅವಳು ದೊಡ್ಡವ್ವನ ಬಳಿಗೆ ಹೋದಳು.

"ಅವ್ವಾರ, ಮಕ್ಕಳು ಹೂವು ಮೂಸಾಕತ್ತಾರ್ರಿ."

"ಮೂಗಿದ್ದವರು ಮೂಸತಾರ."

"ಅವು ಗದ್ದಿಗಿಗೆ ಹೋಗೋ ಬೀಜದ ಹೂವಲ್ರಿ?"

ದೊಡ್ಡವ್ವ ಅವಳ ಕೈ ಹಿಡಿದು ತೋಟಕ್ಕೆ ಕರೆದುಕೊಂಡು ಹೋದರು. ಹೂವಿನ ಸಾಲಿನ ಮುಂದೆ ನಿಲ್ಲಿಸಿದರು.

"ಇದರಾಗ ಮೂಸಿದ್ದು ಯಾವ್ದು, ಮೂಸದ್ದು ಯಾವ್ದು? ತೋರಿಸು."

ಶಿವಲೀಲೆ ಸಾಲಿನ ಈ ತುದಿಯಿಂದ ಆ ತುದಿಗೆ ನೋಡಿದಳು. ಎಲ್ಲವೂ ಒಂದೇ ಹಾಗೆ ನಗುತ್ತಿದ್ದವು.

"ಗೊತ್ತಾಗೂದಿಲ್ರಿ."

"ನನಗೂ ಗೊತ್ತಾಗೂದಿಲ್ಲ," ಎಂದು ದೊಡ್ಡವ್ವ ಒಳಗೆ ಹೋದರು.

ಅಲ್ಲಿಗೆ ಮಾತು ಮುಗಿಯಬೇಕಿತ್ತು. ಶಿವಲೀಲೆಗೆ ಅಲ್ಲಿಂದ ಶುರುವಾಯಿತು. ಗೊತ್ತಾಗುವುದಿಲ್ಲ ಎಂದಮೇಲೆ ಯಾವ ಹೂವನ್ನು ನಂಬುವುದು?

ಮರುದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಗದ್ದ ಎತ್ತಿ ಮೂಗು ನೋಡಿದಳು. ಹಳದಿ ಇದ್ದವರನ್ನು ಬದಿಗೆ ಕೂರಿಸಿದಳು.

ಅದರ ಮರುದಿನ ಯಾರ ಮೂಗೂ ಹಳದಿಯಾಗಿರಲಿಲ್ಲ. ಎಲ್ಲರ ಮೂಗೂ ಒದ್ದೆಯಾಗಿತ್ತು.

"ಮುಖ ತೊಳಕೊಂಡು ಬಂದೀರೇನು?"

"ಹೂಂನ್ರಿ," ಎಂದರು ಕೆಲವರು.

"ಇಲ್ರಿ," ಎಂದರು ಕೆಲವರು.

"ಯಾರು ಮೂಸಿದವರು? ಖರೇ ಹೇಳ್ರಿ."

ಈರ್ಯಾ ಕೆಂಚಿಯ ಕಡೆ ಬೆರಳು ಮಾಡಿದ. ಕೆಂಚಿ ಈರ್ಯಾನ ಕಡೆ ಮಾಡಿದಳು. ಒಂದು ಪುಟ್ಟ ಹುಡುಗ ಯಾರ ಕಡೆ ಮಾಡುವುದೆಂದು ತಿಳಿಯದೆ ಆಶ್ರಮದ ಬೆಕ್ಕಿನ ಕಡೆ ಮಾಡಿದ.

ಶಿವಲೀಲೆ ನಗಲಿಲ್ಲ. ಮುಖ ಒರೆಸುವ ಆಟ ಅಂದಿಗೆ ನಿಂತಿತು.

ಅವಳು ತನ್ನ ಒಂದು ಹಳೆಯ ಸೀರೆಯನ್ನು ಒಗೆದು, ಒಣಗಿಸಿ, ಹರಿದು ತುಂಡು ಮಾಡಿದಳು. ಆಗಲೇ ಬಿರಿದ, ಮಕ್ಕಳು ಮೂಸಿರಬಹುದಾದ ಹೂವಿನ ಕಾಳು ಪೂಜೆಗೆ ಬೇಡ, ಇನ್ನು ಬಿರಿಯುವುದು ಸಾಕು ಎಂದುಕೊಂಡು ಆ ಹೂವುಗಳನ್ನು ಕಿತ್ತು ಹಸುವಿಗೆ ಹಾಕಿದಳು. ಉಳಿದ ಎಳೆಯ ಹೂವುಗಳಿಗೆಲ್ಲ ಬಟ್ಟೆಯ ಮುಸುಕು ಹಾಕಿ ದೇಟಿಗೆ ಗಂಟು ಬಿಗಿದಳು. ಗಂಟಿನ ತುದಿಯನ್ನು ತನ್ನದೇ ರೀತಿಯಲ್ಲಿ ಒಳಕ್ಕೆ ಸಿಕ್ಕಿಸಿದಳು. ಯಾರಾದರೂ ಬಿಚ್ಚಿ ಕಟ್ಟಿದರೆ ತಿಳಿಯಬೇಕು.

ದೊಡ್ಡವ್ವ ಕೋಲು ಊರಿಕೊಂಡು ಬಂದು ನೋಡಿದರು.

"ಇದೇನು? ಹೂವಿಗೆ ಬ್ಯಾನಿ ಬಂದೈತೇನು?"

"ಇಲ್ರಿ ಅವ್ವಾರ. ಯಾರೂ ಮುಟ್ಟಬಾರದಂತ."

"ಒಳಗ ಏನು ಮಾಡಾಕತ್ತೈತಿ ಅದು?"

"ಅರಳಾಕತ್ತೈತ್ರಿ."

"ಯಾರ ಮುಂದ?"

ಅಷ್ಟು ಕೇಳಿ ದೊಡ್ಡವ್ವ ಹೊರಟರು. ಅವಳು ಗಂಟುಗಳನ್ನು ಇನ್ನೊಮ್ಮೆ ಮುಟ್ಟಿ ನೋಡಿದಳು.

ಮಕ್ಕಳ ಕೈಗೆ ಮಣ್ಣಿನ ಹೂವು ಮಾಡಲು ಕೊಟ್ಟಳು. ಮಾಡಿದರು. ಆದರೆ ತೋಟದ ಬದಿಯಿಂದ ಹಾದು ಹೋಗುವಾಗ ಒಬ್ಬೊಬ್ಬರೂ ಮೂಗು ಮುಚ್ಚಿಕೊಳ್ಳುತ್ತಿದ್ದರು. ಹೇಳಿಕೊಟ್ಟವರು ಯಾರೂ ಇಲ್ಲ. ತಾವೇ ಕಲಿತರು.

"ಅಕ್ಕೋರ, ಈರ್ಯಾ ಒಂದು ಬೆರಳು ಸಡ್ಲ ಬಿಟ್ಟಾನ್ರಿ!"

"ಇಲ್ರಿ ಅಕ್ಕೋರ, ಉಸಿರು ಕಟ್ಟಿತ್ರಿ!"

ಒಂದು ಬೆಳಿಗ್ಗೆ ಕೆಂಚಿಯ ಗಿಡದ ಬಟ್ಟೆ ಸಡಿಲವಾಗಿತ್ತು. ಗಂಟಿನ ತುದಿ ಹೊರಗೆ ಜೋಲುತ್ತಿತ್ತು. ಬಟ್ಟೆಯ ಒಂದು ಬದಿ ಬಾಯಿ ತೆರೆದಂತೆ ಇತ್ತು.

"ಕೆಂಚಿ, ಇಲ್ಲಿ ಬಾ."

ಕೆಂಚಿ ಮೂಗು ಮುಚ್ಚಿಕೊಂಡೇ ಬಂದಳು.

"ಇದನ್ನ ಬಿಚ್ಚಿದಿಯೇನು?"

"ಇಲ್ರಿ."

"ಖರೇ ಹೇಳು."

"ನಾ ಮೂಸಿಲ್ರಿ ಅಕ್ಕೋರ."

"ಮೂಸಿದ್ದು ಕೇಳಲಿಲ್ಲ ನಾ. ಬಿಚ್ಚಿದಿಯೇನು ಅಂತ ಕೇಳಿದೆ. ಕೇಳದಿದ್ದದ್ದನ್ನ ಯಾಕ ಹೇಳತಿ?"

ಉಳಿದ ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು.

"ಕೆಂಚಿನ ಮಾಡ್ಯಾಳ್ರಿ," ಎಂದ ಈರ್ಯಾ. ಮತ್ತೊಬ್ಬ, "ನಾನೂ ನೋಡೀನ್ರಿ," ಎಂದ. ಅವನು ಹಿಂದಿನ ದಿನ ಬಂದೇ ಇರಲಿಲ್ಲ.

"ಹುಣ್ಣಿಮಿ ತನಕ ನೀ ತೋಟದ ಕಡೆ ಬರಬ್ಯಾಡ. ಒಳಗ ಕುಂದರು," ಎಂದಳು ಶಿವಲೀಲೆ.

ಕೆಂಚಿ ಒಳಗೆ ಹೋಗಲಿಲ್ಲ. ಗೇಟಿನ ಕಡೆ ಓಡಿದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಕೆಂಚಿಯ ಗಿಡದ ಗಂಟನ್ನು ಶಿವಲೀಲೆ ಬಿಗಿದಿದ್ದಳು. ಅದು ಮತ್ತೆ ಸಡಿಲವಾಯಿತು.

ಕೆಂಚಿ ಇಲ್ಲ. ಹಾಗಾದರೆ ಯಾರು? ಈರ್ಯಾನೇ? ಅವನಿಗೆ ಚಡ್ಡಿಯ ಲಾಡಿ ಬಿಚ್ಚಲೇ ಬಾರದು. ಹಾಲು ತರುವವಳೇ? ಅವಳು ತೋಟದ ಕಡೆ ತಲೆ ಹಾಕುವುದಿಲ್ಲ. ಉಳಿದವರು ಒಬ್ಬರೇ. ಹಿಂದಿನ ದಿನ ದೊಡ್ಡವ್ವನ ಸೆರಗಿನ ಅಂಚಿನಲ್ಲಿ ಹಳದಿ ಕಂಡಂತಿತ್ತು. ಅರಿಶಿನವೋ, ಹೂವಿನ ಪುಡಿಯೋ?

ಛೀ ಎಂದುಕೊಂಡಳು. ಆದರೂ ಮರುದಿನ ಬೆಳಕು ಹರಿಯುವಾಗ ತೋಟದ ಗೋಡೆಯ ಹಿಂದೆ ಹೋಗಿ ಕುಳಿತಳು.

ದೊಡ್ಡವ್ವ ಬಂದರು. ಸಾಲಿನ ಉದ್ದಕ್ಕೂ ನಿಧಾನವಾಗಿ ನಡೆದರು. ಕೆಂಚಿಯ ಗಿಡದ ಮುಂದೆ ನಿಂತರು. ಮುಟ್ಟಲಿಲ್ಲ. ಕೋಲಿನ ಮೇಲೆ ಎರಡೂ ಕೈ ಇಟ್ಟು ಸುಮ್ಮನೆ ನಿಂತಿದ್ದರು.

ಶಿವಲೀಲೆ ಉಸಿರು ಬಿಗಿ ಹಿಡಿದಳು.

"ತಂಗಿ," ಎಂದರು ದೊಡ್ಡವ್ವ, ತಿರುಗಿ ನೋಡದೆ. "ಆ ಗ್ವಾಡಿ ಬುಡಕ ಕೆಂಪಿರುವಿ ಗೂಡೈತಿ. ಒಂಚೂರು ಈ ಕಡೆ ಸರಿದು ಕುಂದರು."

ಇರುವೆ ಆಗಲೇ ಅವಳ ಕಾಲಿಗೆ ಹತ್ತಿತ್ತು. ಅವಳು ಎದ್ದು ಬಂದು ತಲೆ ತಗ್ಗಿಸಿ ನಿಂತಳು.

"ನನ್ನ ತನಕ ಬಂತೇನು?"

"ಏನ್ರೀ ಅವ್ವಾರ?"

"ಸಂಶಯ."

ಶಿವಲೀಲೆ ಬಗ್ಗಿ ಕಾಲಿನ ಇರುವೆ ಕೊಡವಿದಳು.

"ಬರಲಿ ಬಿಡು. ಎಲ್ಲಾರ ಮನಿ ತಿರುಗಿದ ಮ್ಯಾಲೆ ಅದು ಸಾಕಿದವರ ಮನಿಗೇ ಹೋಗತೈತಿ."

ಹಾಗೆಯೇ ಆಯಿತು. ಆ ದಿನ ಗಂಟು ಕಟ್ಟುವಾಗ ಶಿವಲೀಲೆಗೆ ತನ್ನ ಕೈಯ ಮೇಲೇ ಅನುಮಾನ ಬಂತು. ನಿನ್ನೆ ತಾನು ತುದಿಯನ್ನು ಒಳಕ್ಕೆ ಸಿಕ್ಕಿಸಿದ್ದೆನೇ? ಗಾಳಿಗೆ ಜಾರಿತೇ? ಮೊದಲ ದಿನವೂ ಗಡಿಬಿಡಿಯಲ್ಲಿ ಹಾಗೆಯೇ ಬಿಟ್ಟಿದ್ದೆನೇ? ನೆನಪು ಮಾಡಿಕೊಂಡಷ್ಟೂ ಎರಡೂ ನಿಜವೆನಿಸಿತು. ಕೆಂಚಿಯ ಗಿಡದ ದೇಟು ಉಳಿದವುಗಳಿಗಿಂತ ನುಣುಪಾಗಿತ್ತೆಂಬುದೂ ಆಗ ಬೆರಳಿಗೆ ತಿಳಿಯಿತು.

ಹೂವು ಬಾಡಿ, ತಲೆ ಬಾಗಿ, ಹಿಂಬದಿ ಹಳದಿಗಟ್ಟಿತು. ಹುಣ್ಣಿಮೆ ಹತ್ತಿರವಾಯಿತು. ಮಕ್ಕಳನ್ನು ಕೂರಿಸಿ ಶಿವಲೀಲೆ ಬಟ್ಟೆ ಬಿಚ್ಚಿದಳು.

ಒಳಗಿನ ತೆನೆಗಳು ಚೆನ್ನಾಗಿ ಕಾಣುತ್ತಿದ್ದವು. ಹಕ್ಕಿ ಕುಕ್ಕಿಲ್ಲ, ಹುಳ ಕೊರೆದಿಲ್ಲ, ಧೂಳು ಬಿದ್ದಿಲ್ಲ. ಕಪ್ಪು ಕಾಳು ಸುತ್ತು ಸುತ್ತಾಗಿ ಜೋಡಿಸಿದ ಹಾಗಿತ್ತು. ಅವಳಿಗೆ ಕಣ್ಣು ತುಂಬಿ ಬಂತು.

"ಉದುರಸ್ರಿ," ಎಂದಳು.

ಮಕ್ಕಳು ಬೆರಳಿನಿಂದ ಕಾಳು ಉದುರಿಸಿ ಮೊರಕ್ಕೆ ತುಂಬಿದರು. ಹೊಳೆಯ ಕಡೆಯಿಂದ ಒಂದು ಗಾಳಿ ಬೀಸಿತು. ಮೊರದ ಕಾಳು ಎದ್ದು ಅಂಗಳದ ತುಂಬ ಹಾರಿತು.

ಮಕ್ಕಳು ಕೂಗುತ್ತಾ ಹಿಂದೆ ಓಡಿದರು. ಶಿವಲೀಲೆ ಓಡಲಿಲ್ಲ. ತುಂಬಿದ ಕಾಳು ಅಷ್ಟು ಗಾಳಿಗೆ ಹಾರುವುದಿಲ್ಲ.

ಈರ್ಯಾ ಒಂದು ಕಾಳನ್ನು ಹಲ್ಲಿನಲ್ಲಿ ಒಡೆದು ಅಂಗೈ ಮೇಲೆ ಇಟ್ಟುಕೊಂಡು ನೋಡಿದ.

"ಅಕ್ಕೋರ, ಒಳಗ ಏನೂ ಇಲ್ರಿ."

ಇನ್ನೊಂದು ಒಡೆದ. ಅದೂ ಜೊಳ್ಳು. ಮತ್ತೊಬ್ಬ ಒಡೆದ. ಜೊಳ್ಳು. ಶಿವಲೀಲೆ ತಾನೇ ಕುಳಿತು ಉಗುರಿನಿಂದ ಒಡೆಯುತ್ತಾ ಹೋದಳು. ತೆನೆ ತೆನೆಯೂ ಬರೀ ಸಿಪ್ಪೆ.

ಜೇನು ಬರಲಿಲ್ಲ. ಮಕ್ಕಳ ಕೈ ಬರಲಿಲ್ಲ. ಒಂದು ಹೂವಿನ ಪುಡಿ ಇನ್ನೊಂದಕ್ಕೆ ಮುಟ್ಟಲಿಲ್ಲ. ಮುಸುಕಿನೊಳಗೆ ಹೂವು ಒಬ್ಬಂಟಿಯಾಗಿ ಅರಳಿ ಒಬ್ಬಂಟಿಯಾಗಿ ಬಾಡಿತ್ತು.

ಕೊನೆಗೆ ಉಳಿದದ್ದು ಕೆಂಚಿಯ ಗಿಡದ ತೆನೆ. ಬಟ್ಟೆ ಸಡಿಲಿದ್ದ ಬದಿಯಲ್ಲಿ ಕಾಳು ದಪ್ಪಗೆ, ಭಾರವಾಗಿ ಕುಳಿತಿತ್ತು. ಉದುರಿಸಿದರೆ ಒಂದು ಹಿಡಿ ಆಯಿತು.

"ಇದನ್ನ ಬಿಚ್ಚಿದವರು ಯಾರು?"

ಕೇಳಿದ ಮೇಲೆ ಅವಳಿಗೆ ತನ್ನ ದನಿ ಕೇಳಿಸಿತು. ತಡವಾಗಿತ್ತು. ಮಕ್ಕಳೆಲ್ಲ ಮೂಗು ಮುಚ್ಚಿಕೊಂಡಿದ್ದರು.

ಅದೇ ಸಂಜೆ ಅವಳು ಕೆಂಚಿಯ ಮನೆಗೆ ಹೋದಳು. ತಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದ್ದು ನಿಂತು ಚಾಪೆ ಹಾಸಿದಳು. ನೀರು ಕೊಟ್ಟಳು.

"ಕೆಂಚಿನ್ನ ಕಳಿಸವ್ವಾ," ಎಂದಳು ಶಿವಲೀಲೆ. "ತಪ್ಪು ನಂದು."

"ನೀವು ಹಂಗ್ಯಾಕ ಅಂತೀರಿ ಅಕ್ಕೋರ. ನಾ ಕಳಸಾಕ ತಯಾರ ಅದೀನಿ. ಆಕಿ ಒಲ್ಲೆ ಅಂತಾಳ."

"ಕರಿ ಒಮ್ಮೆ."

ಕೆಂಚಿ ಬಾಗಿಲ ಹಿಂದಿನಿಂದ ಇಣುಕಿದಳು. ಶಿವಲೀಲೆಯನ್ನು ಕಂಡ ಕೂಡಲೇ ಎರಡೂ ಕೈ ಮೂಗಿಗೆ ಹೋದವು.

"ನೋಡ್ರಿ," ಎಂದಳು ತಾಯಿ, ಸಿಟ್ಟಿಲ್ಲದೆ. "ಮೊನ್ನೆ ಒಗ್ಗರಣಿ ವಾಸನಿ ಹ್ಯಾಂಗ ಬಂತು ನೋಡು ಅಂದ್ರೂ ಹಿಂಗ ಮುಚ್ಚಿಕೊಂಡ್ಳು. ಹಬ್ಬದಾಗ ತಲಿಗೆ ಹೂವು ಮುಡಸಾಕ ಹ್ವಾದ್ರ ಅತ್ತು ಗದ್ದಲ ಮಾಡಿದ್ಳು. ಮುಂದಿನ ವಾರ ಆಕಿ ಸೋದರತ್ತಿ ಊರಿಗೆ ಕಳಸಾಕತ್ತೀವ್ರಿ. ಅಲ್ಲೇ ಸಾಲಿಗೆ ಹಾಕತಾರಂತ. ಸ್ಥಳ ಬದಲಾದ್ರ ಮರೀತಾಳ ಅಂತ ಆಕಿ ಅಪ್ಪ ಅಂದ್ರು."

ಶಿವಲೀಲೆ ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕುಳಿತಳು.

"ಕೆಂಚಿ, ನೀ ಮೂಸಿದ್ರ ತಪ್ಪಲ್ಲವ್ವಾ."

"ನಾ ಮೂಸಿಲ್ರಿ," ಎಂದಳು ಕೆಂಚಿ, ಕೈ ತೆಗೆಯದೆ.

ಹುಣ್ಣಿಮೆಯ ಬೆಳಿಗ್ಗೆ ಊರಿನವರು ಬುಟ್ಟಿ, ಮೊರ, ಬಟ್ಟಲು ಹಿಡಿದು ಅಂಗಳದಲ್ಲಿ ಸೇರಿದರು. ಮಕ್ಕಳು ಮುಂದಿನ ಸಾಲಿನಲ್ಲಿ ಕುಳಿತರು. ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತಿದ್ದರು.

ಗದ್ದುಗೆಯ ಕೋಣೆಯಲ್ಲಿ ದೊಡ್ಡವ್ವ, ಶಿವಲೀಲೆ ಇಬ್ಬರೇ. ದೊಡ್ಡವ್ವ ಹಿತ್ತಾಳೆಯ ತಟ್ಟೆಯನ್ನು ಮುಂದಿಟ್ಟರು. ಅದರಲ್ಲಿ ಕೆಂಚಿಯ ಗಿಡದ ಒಂದು ಹಿಡಿ ಕಾಳಿತ್ತು.

"ಶುರು ಮಾಡು, ತಂಗಿ."

"ನಾ ಮಾಡಲಾರೆ ಅವ್ವಾರ. ಯಾವ ಬಾಯಿಲೆ ಮಾಡ್ಲಿ?"

"ಒಂದು ಹಿಡಿ ಬಂದ್ರ ಪೂಜಾ ನಿಂದು ಅಂದಿದ್ದೆ. ಬಂದೈತಿ."

"ಆ ಗಂಟು ಬಿಚ್ಚಿದವರು ನೀವಾ?"

"ಅಲ್ಲ."

"ಮತ್ತ ಯಾರ್ರೀ?"

"ನನಗ ಗೊತ್ತಿಲ್ಲ. ಕೂಸಿರಬಹುದು, ಗಾಳಿ ಇರಬಹುದು, ನಿನ್ನ ಕೈಯಿನೇ ಇರಬಹುದು. ನಾ ಕೇಳಲಿಲ್ಲ."

ಹೊರಗೆ ಯಾರೋ ಮಗುವನ್ನು ಗದರಿಸುತ್ತಿದ್ದರು. ಶಿವಲೀಲೆ ದೀಪ ಹಚ್ಚಿದಳು. ಕೈ ನಡುಗಲಿಲ್ಲ. ಆಸೆ ಇದ್ದಲ್ಲಿ ಈಗ ಏನೂ ಇರಲಿಲ್ಲ.

ಕಾಳನ್ನು ಹಿಡಿಯಲ್ಲಿ ಎತ್ತಿಕೊಂಡು ಕೇಳಿದಳು:

"ಅವ್ವಾರ, ನನ್ನಿಂದ ಎಷ್ಟು ಹಾಳಾತ್ರಿ?"

ದೊಡ್ಡವ್ವ ಮೊಣಕಾಲು ಹಿಡಿದುಕೊಂಡು ಗೋಡೆಗೆ ಒರಗಿ ಕುಳಿತರು.

"ಪೂಜಾಕ್ಕ ಇದು ಸಾಕು. ಊರಿಗೆ ಹಂಚಾಕ ಇಲ್ಲ. ಅದನ್ನ ನಾ ಹೇಳತೀನಿ, ಬರಿಗೈಲೆ ಹೋಗತಾರ. ಬರೂ ವರ್ಷ ಎಲ್ಲಿಂದರ ಬೀಜ ತಂದು ಮತ್ತ ಬಿತ್ತೂಣು, ಬೆಳೀತಾವ. ಕೆಂಚಿ ಬರೂದಿಲ್ಲ."